ಡೆಲ್ಲಿಗೆ ಬಂದವರು ಮದ್ದೂರಿಗೆ ಯಾಕೆ ಬರಲಿಲ್ಲ?

ಸೈನಿಕರ ಮನೆ: ಓದುಗರ ಪ್ರಶ್ನೆ, ನಿವೃತ್ತ ಸುಬೇದಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ವಿದೇಶದ ಡ್ಯೂಟಿ ಮುಗಿಸಿದವರು ಮನೆಗೆ ಬರುವ ದಾರಿ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನಮ್ಮ ಯಜಮಾನರು ಹವಾಲ್ದಾರ್. ವಿಶ್ವಸಂಸ್ಥೆಯ ಶಾಂತಿಪಡೆಗೆ ಅಂತ ದಕ್ಷಿಣ ಸುಡಾನ್‌ಗೆ ಒಂದು ವರ್ಷ ಹೋಗಿದ್ದರು. ವರ್ಷ ಮುಗಿದ ಮೇಲೆ ಇವತ್ತು ಹೊರಡುತ್ತೇವೆ, ಇಲ್ಲ ಮುಂದಿನ ವಾರ, ಇಲ್ಲ ಮಳೆ ಬಂತು, ಹೀಗೇ ತಾರೀಕು ಮುಂದಕ್ಕೆ ಹೋಗುತ್ತಾ ಬಂತು. ನಮ್ಮತ್ತೆ ಊರ ಮಾರಮ್ಮನಿಗೆ ಹರಕೆ ಹೊತ್ತು ಮರಿ ತಂದು ಕಟ್ಟಿದ್ದಾರೆ. ನೆಂಟರನ್ನು ಕರೆಯುವುದು, ಮತ್ತೆ ಫೋನ್ ಮಾಡಿ ಈಗ ಬೇಡ ಅನ್ನುವುದು, ಇದೇ ಆಗಿದೆ. ಆ ಮರಿ ಈಗ ನನ್ನ ಮಗಳ ಹಿಂದೆಯೇ ಓಡಾಡುತ್ತದೆ, ಅವಳು ಅದಕ್ಕೆ ಹೆಸರು ಬೇರೆ ಇಟ್ಟಿದ್ದಾಳೆ. ಕೊನೆಗೂ ಇವರು ಡೆಲ್ಲಿಗೆ ಬಂದಿಳಿದರು. ಅಲ್ಲಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರು ಗಂಟೆ ಅಲ್ವಾ? ಆದರೂ ಇನ್ನೂ ಬಂದಿಲ್ಲ. ಕೇಳಿದರೆ "ನನಗೇ ಗೊತ್ತಿಲ್ಲ ಕಣೆ" ಅನ್ನುತ್ತಾರೆ. ಕೋಪ ತಡೆಯಲಾರದೆ ಫೋನ್ ಕಟ್ ಮಾಡಿಬಿಡುತ್ತೇನೆ, ಆಮೇಲೆ ಕೂತು ಅಳುತ್ತೇನೆ. ಬಿಸಿಲಲ್ಲಿ ಬೆಂದು ಬಂದವರ ಮೇಲೆ ಹೀಗೆ ಕೋಪ ಮಾಡಿಕೊಳ್ಳುವುದು ತಪ್ಪಾ?

ಉತ್ತರ: ತಪ್ಪಲ್ಲಮ್ಮ. ವರ್ಷ ಕಾದವರಿಗೆ ಇನ್ನೊಂದು ವಾರ ಯಾವ ಲೆಕ್ಕ ಅಂತ ಹೊರಗಿನವರು ಹೇಳಿಬಿಡುತ್ತಾರೆ. ಆದರೆ ಆ ಕೊನೆಯ ವಾರವೇ ಕಷ್ಟ. ವರ್ಷ ಪೂರ್ತಿ ಮನಸ್ಸು ಬಿಗಿ ಹಿಡಿದಿರುತ್ತೀರಿ. ಡೆಲ್ಲಿಗೆ ಬಂದರು ಅಂದ ಕೂಡಲೇ ಆ ಬಿಗಿ ಸಡಿಲವಾಗುತ್ತದೆ. ಆಮೇಲೆ ಮತ್ತೆ ಕಾಯಿ ಅಂದರೆ ಯಾರಿಗಾದರೂ ರೇಗುತ್ತದೆ.

ಸೇನೆಯಲ್ಲಿ ನಾನು ನೋಡಿಕೊಂಡದ್ದೇ ಜನ ಮತ್ತು ಸಾಮಾನು ಸಾಗಿಸುವ ಕೆಲಸ. ಹಾಗಾಗಿ ಎಲ್ಲೆಲ್ಲಿ ತಡವಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಕಾರಣ ತಿಳಿದರೆ ಕೋಪ ಹೋಗದೇ ಇರಬಹುದು, ಅವರ ಮೇಲೆ ಬೀಳುವುದಾದರೂ ಕಡಿಮೆಯಾಗುತ್ತದೆ.

ಮೊದಲು ಆ ದೇಶದ ನೆಲ. ದಕ್ಷಿಣ ಸುಡಾನ್ ಸ್ವತಂತ್ರ ದೇಶವಾದದ್ದು 2011ರ ಜುಲೈ 9ರಂದು, ಶಾಂತಿಪಡೆ ಕೂತದ್ದೂ ಅದೇ ವರ್ಷ. ಅಲ್ಲಿ ಡಾಂಬರು ರಸ್ತೆ ತುಂಬಾ ಕಡಿಮೆ. ಬಹಳ ಕಡೆ ನೆಲ ನಮ್ಮ ಗದಗ, ವಿಜಯಪುರ ಕಡೆಯ ಎರೆ ಮಣ್ಣಿನಂಥದ್ದು. ಮಳೆಗಾಲ ಶುರುವಾದರೆ ಲಾರಿ ಚಕ್ರ ಅಚ್ಚಿನವರೆಗೂ ಹೂತುಹೋಗುತ್ತದೆ. ಎಷ್ಟೋ ಕಡೆ ವಿಮಾನ ಇಳಿಯುವ ಜಾಗವೂ ಮಣ್ಣಿನದೇ, ಅದು ಒದ್ದೆಯಾದರೆ ವಿಮಾನ ಬರುವುದಿಲ್ಲ. ನಿಮ್ಮ ಯಜಮಾನರು ಮಲಕಾಲ್ ಅಥವಾ ಬೋರ್ ಕಡೆ ಇದ್ದಿದ್ದರೆ ಮೊದಲು ರಾಜಧಾನಿ ಜೂಬಾ ತಲುಪಬೇಕು. "ಮಳೆ ಬಂತು" ಅಂತ ಅವರು ಹೇಳಿದ್ದು ನೆಪವಲ್ಲ.

ಎರಡನೆಯದು, ಇವರ ಜಾಗಕ್ಕೆ ಬರುವವರು. ಕಾವಲು ಪೋಸ್ಟನ್ನು ಒಂದು ರಾತ್ರಿಯೂ ಖಾಲಿ ಬಿಡುವ ಹಾಗಿಲ್ಲ. ಹೊಸ ತಂಡ ಇಳಿಯಬೇಕು, ಚಾರ್ಜ್ ತಗೊಳ್ಳಬೇಕು, ಆಮೇಲೆ ಇವರು ಹತ್ತಬೇಕು. ಚಾರ್ಜ್ ಅಂದರೆ ಬಂದೂಕು, ಗುಂಡು, ಗಾಡಿ, ಜನರೇಟರ್, ಅಡುಗೆಮನೆಯ ಬರ್ನರ್ ತನಕ ಎಣಿಸಿ ಸಹಿ ಹಾಕುವುದು. ನಮ್ಮ ದೇಶ ಅಲ್ಲಿಗೆ ಒಯ್ದ ಗಾಡಿ, ಯಂತ್ರಗಳಿಗೆ ವಿಶ್ವಸಂಸ್ಥೆ ಹಣ ಕೊಡುತ್ತದೆ, ಆದ್ದರಿಂದ ಅವರ ಇನ್‌ಸ್ಪೆಕ್ಟರುಗಳೂ ಬಂದು ನೋಡುತ್ತಾರೆ. ಒಂದು ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೂ ಅದಕ್ಕೊಂದು ಕಾಗದ, ಆ ಕಾಗದಕ್ಕೊಂದು ಸಹಿ, ಸಹಿ ಹಾಕುವವರು ಇನ್ನೊಂದು ಊರಿನಲ್ಲಿ.

ಮೂರನೆಯದು ವಿಮಾನ. ಇವರು ಬರುವುದು ದಿನವೂ ಹಾರುವ ವಿಮಾನದಲ್ಲಲ್ಲ, ತಂಡಕ್ಕೆಂದೇ ಗೊತ್ತುಮಾಡಿದ ಚಾರ್ಟರ್. ಯಾವ ಯಾವ ದೇಶದ ಮೇಲೆ ಹಾರಬೇಕೋ ಆ ಎಲ್ಲ ದೇಶಗಳ ಅನುಮತಿ ಬೇಕು. 2023ರ ಏಪ್ರಿಲ್‌ನಲ್ಲಿ ಪಕ್ಕದ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅದರ ಆಕಾಶವೇ ಮುಚ್ಚಿತು, ವಿಮಾನಗಳು ಸುತ್ತು ಹಾಕಿ ಹೋಗಬೇಕಾಯಿತು. 2020ರಲ್ಲಿ ಕೊರೊನಾ ಬಂದಾಗಲಂತೂ ಜೂನ್ 30ರವರೆಗೆ ತಂಡಗಳ ಅದಲುಬದಲನ್ನೇ ವಿಶ್ವಸಂಸ್ಥೆ ನಿಲ್ಲಿಸಿತ್ತು. ಹೊರಡುವುದಕ್ಕೆ ಟ್ರಂಕು ಕಟ್ಟಿಕೊಂಡು ಕೂತವರು ಆ ಟ್ರಂಕನ್ನು ಮತ್ತೆ ಬಿಚ್ಚಬೇಕಾಯಿತು.

ಇನ್ನು ಡೆಲ್ಲಿ. ಡೆಲ್ಲಿಗೆ ಬಂದರೆ ದೇಶಕ್ಕೆ ಬಂದ ಹಾಗೆ, ನಿಜ. ಆದರೆ ಸಿಪಾಯಿಗೆ ಇನ್ನೂ ರಜೆ ಶುರುವಾಗಿಲ್ಲ. ಆಯುಧ ಜಮಾ ಮಾಡಬೇಕು, ವೈದ್ಯಕೀಯ ತಪಾಸಣೆ ಆಗಬೇಕು, ಹಳದಿ ಜ್ವರದ ಲಸಿಕೆ ಕಾರ್ಡು ತೋರಿಸಬೇಕು, ಲೆಕ್ಕಪತ್ರ ಮುಗಿಸಬೇಕು. ಅಲ್ಲಿಂದ ಎಷ್ಟೋ ಜನ ಮೊದಲು ತಮ್ಮ ಘಟಕ ಇರುವ ಊರಿಗೆ ಹೋಗಬೇಕು. ಅದು ಪಂಜಾಬ್ ಆಗಿರಬಹುದು, ಅಸ್ಸಾಂ ಆಗಿರಬಹುದು. ಅಲ್ಲೂ ಎಲ್ಲರನ್ನೂ ಒಟ್ಟಿಗೆ ರಜೆಗೆ ಬಿಡುವುದಿಲ್ಲ, ಬ್ಯಾಚ್ ಮಾಡಿ ಬಿಡುತ್ತಾರೆ.

ಅದಕ್ಕೇ ನನ್ನ ಮಾತು ಇಷ್ಟೇ: ಇನ್ನು ಮೇಲೆ "ವಿಮಾನ ಯಾವಾಗ?" ಅಂತ ಕೇಳಬೇಡಿ. "ಲೀವ್ ಸರ್ಟಿಫಿಕೇಟ್‌ಗೆ ಸಹಿ ಆಯಿತಾ?" ಅಂತ ಕೇಳಿ. ರಜೆ ಯಾವ ತಾರೀಕಿನಿಂದ ಅಂತ ಬರೆದ ಆ ಕಾಗದ ಕೈಗೆ ಬರುವವರೆಗೆ ಅವರ ಓಡಾಟ ಅವರ ಕೈಯಲ್ಲಿಲ್ಲ. ಅವರು "ಗೊತ್ತಿಲ್ಲ" ಅಂದರೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿದ್ದಾಗಲೂ ತಂಡ ಹೊರಡುವ ದಿನವನ್ನು ಫೋನಿನಲ್ಲಿ ಹೇಳುವ ಹಾಗಿರುವುದಿಲ್ಲ. ನೀವೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಬೇಡಿ.

ಸಹಿ ಆದ ಮೇಲೂ ರೈಲು ಇದೆ. ಸೇನೆ ಕೊಟ್ಟ ಪ್ರಯಾಣದ ವಾರೆಂಟ್ ಹಿಡಿದು, ಸೈನಿಕರ ಓಡಾಟ ನೋಡಿಕೊಳ್ಳುವ ಸ್ಟೇಷನ್ನಿನ ಎಂಸಿಓ ಕಚೇರಿ ಮುಂದೆ ನಿಲ್ಲಬೇಕು, ಸೇನೆಯ ಕೋಟಾದಲ್ಲಿ ಬರ್ತ್ ಸಿಕ್ಕರೆ ಸಿಕ್ಕಿತು. ಡೆಲ್ಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಬೆಂಗಳೂರು. ವಿಮಾನದಲ್ಲಿ ಬರಬಾರದಾ ಅಂತ ಕೇಳಿದ್ದೀರಿ. ಬರುವವರು ಇದ್ದಾರೆ. ಆದರೆ ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆದ ಆ ಕಪ್ಪು ಟ್ರಂಕನ್ನು ನೋಡಿದ್ದೀರಲ್ಲ, ವರ್ಷದ ಸಾಮಾನು ತುಂಬಿದರೆ ಒಬ್ಬರು ಎತ್ತುವುದೇ ಕಷ್ಟ. ವಿಮಾನದಲ್ಲಿ ಅದರ ತೂಕಕ್ಕೇ ಬೇರೆ ದುಡ್ಡು. ಮಗಳಿಗೆ ತಂದದ್ದೂ ಅದರಲ್ಲೇ ಇರುತ್ತದೆ, ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಈಗ ಮನೆಯ ವಿಷಯ. ಹರಕೆಗೆ ದಿನ ಇಡಬೇಡಿ. ಅವರು ಮನೆಗೆ ಬಂದು, ಮುದ್ದೆ ಉಂಡು, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ಮಂಗಳವಾರವೋ ಶುಕ್ರವಾರವೋ ನೋಡಿ ಅಂತ ನಿಮ್ಮತ್ತೆಗೆ ನನ್ನ ಹೆಸರಿನಲ್ಲೇ ಹೇಳಿ. ಮಗಳಿಗೆ ತಾರೀಕು ಹೇಳಬೇಡಿ, ಜಾಗ ಹೇಳಿ. "ಅಪ್ಪ ಡೆಲ್ಲಿಗೆ ಬಂದರು, ಇನ್ನು ಕ್ಯಾಂಪಿಗೆ ಹೋಗುತ್ತಾರೆ, ಆಮೇಲೆ ರೈಲು." ತಾರೀಕು ತಪ್ಪಿದರೆ ಮಗು ಅಪ್ಪನನ್ನೇ ಸುಳ್ಳುಗಾರ ಅಂದುಕೊಳ್ಳುತ್ತದೆ. ಊರುಗಳ ಲೆಕ್ಕದಲ್ಲಿ ಅಪ್ಪ ಹತ್ತಿರ ಬರುತ್ತಲೇ ಇರುತ್ತಾರೆ.

ಒಂದು ಮಾತು ಸೇನೆಯ ದೊಡ್ಡ ಅಧಿಕಾರಿಗಳಿಗೂ ಹೇಳಬೇಕು. ತಡ ಆಗುವುದು ಬಹಳ ಸಲ ಯಾರ ಕೈಯಲ್ಲೂ ಇರುವುದಿಲ್ಲ, ಒಪ್ಪುತ್ತೇನೆ. ತಡ ಯಾಕಾಯಿತು ಅಂತ ಮನೆಯವರಿಗೆ ತಿಳಿಸುವುದು ಮಾತ್ರ ಕೈಯಲ್ಲಿದೆ. ತಾರೀಕು ಹೇಳಬೇಕಿಲ್ಲ. "ನಿಮ್ಮವರು ಕ್ಷೇಮ, ಇನ್ನೂ ವಾರ ಹಿಡಿಯುತ್ತದೆ" ಅಂತ ಒಂದು ಸಾಲು ಕಳಿಸಿದರೆ ಸಾಕು. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಸುಡಾನ್‌ನ ಜೊಂಗ್ಲೆ ರಾಜ್ಯದಲ್ಲಿ ನಮ್ಮ 5 ಜನ ಸೈನಿಕರು ಹೊಂಚುದಾಳಿಯಲ್ಲಿ ಪ್ರಾಣ ಕೊಟ್ಟರು. ಅಂಥ ಸುದ್ದಿ ಕೇಳಿದ ಮನೆಗಳಲ್ಲಿ ಒಂದು ದಿನ ಫೋನ್ ಬರಲಿಲ್ಲ ಅಂದರೆ ಅನ್ನ ಇಳಿಯುವುದಿಲ್ಲ. ಈ ತಂಗಿಯ ಕೋಪದಲ್ಲಿ ಅರ್ಧ ಭಯವೇ ಇದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನಾನು ಪಾಂಡವಪುರದ ರೈತ. ಮಗ ಶಾಂತಿಪಡೆಯಲ್ಲಿ ಲೆಬನಾನ್‌ನಲ್ಲಿದ್ದಾನೆ. ವಾಟ್ಸಾಪಿಗೆ ಒಂದು ಇಂಗ್ಲಿಷ್ ಪತ್ರ ಬಂತು, ನೀಲಿ ಸೀಲು ಇದೆ. 45,000 ರೂಪಾಯಿ ಕಟ್ಟಿದರೆ ಮಗನನ್ನು ಬೇಗ ರಜೆಗೆ ಬಿಡುತ್ತಾರಂತೆ. ಕಬ್ಬಿನ ದುಡ್ಡು ಕೈಯಲ್ಲಿದೆ. ಕಟ್ಟಲಾ?

ಉತ್ತರ: ಒಂದು ಪೈಸೆಯೂ ಕಟ್ಟಬೇಡಿ ಯಜಮಾನರೇ. ಅದು ಮೋಸ. ಸೈನಿಕನ ರಜೆಗೆ ಮನೆಯವರಿಂದ ವಿಶ್ವಸಂಸ್ಥೆಯಾಗಲಿ ನಮ್ಮ ಸೇನೆಯಾಗಲಿ ದುಡ್ಡು ಕೇಳುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಇದೇ ಥರದ ಸುಳ್ಳು ಪತ್ರಗಳು ಓಡಾಡುತ್ತಿವೆ. ಆ ನಂಬರಿಗೆ ಉತ್ತರ ಕೊಡಬೇಡಿ, ಮೆಸೇಜು ಅಳಿಸಲೂ ಬೇಡಿ, ಪೊಲೀಸರಿಗೆ ಅದೇ ಸಾಕ್ಷಿ. ಈಗಾಗಲೇ ಏನಾದರೂ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಯಾವುದೇ ಪತ್ರದ ಬಗ್ಗೆ ಅನುಮಾನ ಬಂದರೆ ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಒಯ್ದು ತೋರಿಸಿ. ಮಗನ ಹತ್ತಿರ ಮಾತಾಡಿದಾಗ ಅವನಿಗೂ ತಿಳಿಸಿ, ಅವನ ಜೊತೆಯವರ ಮನೆಗಳಿಗೂ ಇದೇ ಪತ್ರ ಹೋಗಿರಬಹುದು.

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಹೈಫಾದಲ್ಲಿ (ಈಗಿನ ಇಸ್ರೇಲಿನ ಊರು) ಗೆದ್ದ ನಮ್ಮ ಮೈಸೂರಿನ ಕುದುರೆ ಸವಾರರು ಯುದ್ಧ ಮುಗಿದ ತಕ್ಷಣ ಊರಿಗೆ ಬರಲಿಲ್ಲವಂತೆ, ನಿಜವೇ? (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಜ ಮಗಳೇ. ಈ ಸವಾರರ ದಳ ಮೈಸೂರು ಲ್ಯಾನ್ಸರ್ಸ್ ಹಡಗು ಹತ್ತಿದ್ದು 1914ರಲ್ಲಿ. ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಅದೇ ನವೆಂಬರ್‌ನಲ್ಲಿ ಯುದ್ಧ ನಿಂತಿತು, ಇವರು ತಿರುಗಿ ಬಂದದ್ದು 1920ರಲ್ಲಿ. ಗೆದ್ದ ಜಾಗಗಳಲ್ಲಿ ಕಾವಲಿಗೆ ಜನ ಬೇಕಿತ್ತು, ಲಕ್ಷಗಟ್ಟಲೆ ಸೈನಿಕರು ಕಾಯುತ್ತಿದ್ದಾಗ ಹಡಗುಗಳೂ ಸಾಲುತ್ತಿರಲಿಲ್ಲ. ಡೆಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರಿನ ಈ ಸವಾರರದ್ದೇ. ಹೈಫಾ ದಿನದಂದು ಗೆಲುವಿನ ಕತೆ ಎಲ್ಲರೂ ಹೇಳುತ್ತಾರೆ, ಆ ಮೇಲಿನ ಕಾಯುವಿಕೆಯನ್ನು ಯಾರೂ ಹೇಳುವುದಿಲ್ಲ. ನೀನು ನಿನ್ನ ಪ್ರಬಂಧದಲ್ಲಿ ಅದನ್ನೇ ಹಿಡಿದು ಬರೆ.

ಪ್ರಶ್ನೆ: ಸರ್, ನಾನು ಕಾಂಗೊದಿಂದ ಬಂದು ರಜೆಯಲ್ಲಿದ್ದೇನೆ, ಊರು ನಂಜನಗೂಡು. ಬರುವ ದಾರಿಯಲ್ಲಿ ಕ್ಯಾಂಪು, ಸ್ಟೇಷನ್ನು, ವೇಟಿಂಗ್ ಲಿಸ್ಟು ಅಂತ ತಲೆ ಕೆಟ್ಟು ಹೋಗಿತ್ತು, ಮನೆಗೆ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಸರಿಹೋಗಿಲ್ಲ. ರಾತ್ರಿ ನಿದ್ದೆ ಇಲ್ಲ. ಸಣ್ಣದಕ್ಕೂ ರೇಗುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕ್ಯೂ ಮುರಿದರು ಅಂತ ಜಗಳಕ್ಕೇ ಹೋಗಿಬಿಟ್ಟೆ. "ನೀವು ಬಂದಿದ್ದೀರಿ, ಆದರೆ ಬಂದ ಹಾಗಿಲ್ಲ" ಅಂತ ಹೆಂಡತಿ ಅನ್ನುತ್ತಾಳೆ. ನಿನ್ನೆಯಿಂದ ಚಳಿ ಜ್ವರ ಬೇರೆ, ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಗೊಂಡೆ.

ಉತ್ತರ: ತಮ್ಮ, ಮೊದಲು ಜ್ವರ. ನಿಮ್ಮ ಪತ್ರ ನೋಡಿದ ಕೂಡಲೇ ಫೋನ್ ಮಾಡಿಸಿದೆ, ನೀವು ಆಸ್ಪತ್ರೆಗೆ ಹೋದಿರಿ ಅಂತ ತಿಳಿದು ಸಮಾಧಾನವಾಯಿತು. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆಫ್ರಿಕಾದಿಂದ ಬಂದವರಿಗೆ ಜ್ವರ ಬಂದರೆ ಅದು ಬೇರೆಯದು ಅಂತ ಗೊತ್ತಾಗುವವರೆಗೆ ಮಲೇರಿಯಾ ಅಂತಲೇ ತಿಳಿಯಬೇಕು. ಅಲ್ಲಿಯ ಫಾಲ್ಸಿಪಾರಮ್ ಮಲೇರಿಯಾ ಒಂದೆರಡು ದಿನದಲ್ಲೇ ಮನುಷ್ಯನನ್ನು ಮಲಗಿಸಿಬಿಡುತ್ತದೆ. ಬಂದು ತಿಂಗಳಾದ ಮೇಲೂ ಕಾಣಿಸಿಕೊಳ್ಳಬಹುದು. ನಮ್ಮ ಕಡೆಯ ಡಾಕ್ಟರಿಗೆ ಜ್ವರ ಅಂದ ಕೂಡಲೇ ಡೆಂಗೀ, ವೈರಲ್ ನೆನಪಾಗುವುದು ಸಹಜ. ಆದ್ದರಿಂದ ಚೀಟಿ ಮಾಡಿಸುವಾಗಲೇ "ನಾನು ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾ ನೋಡಿ" ಅಂತ ನೀವೇ ಹೇಳಿ. ಒಂದು ಸಲ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಬಿಡಬೇಡಿ, ಜ್ವರ ಇದ್ದರೆ ಮತ್ತೆ ಮಾಡಿಸಬೇಕು. ಅಲ್ಲಿ ಕೊಟ್ಟ ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು, ಕೆಲವನ್ನು ನಾಲ್ಕು ವಾರ. ಮನೆಗೆ ಬಂದ ಖುಷಿಯಲ್ಲಿ ಬಹಳ ಜನ ಮೊದಲ ದಿನವೇ ನಿಲ್ಲಿಸಿಬಿಡುತ್ತಾರೆ. ಆಸ್ಪತ್ರೆ ಸೇರಿದರೆ ಘಟಕಕ್ಕೂ ತಿಳಿಸಿ, ರಜೆ ಮುಗಿಯುವ ಹೊತ್ತಿಗೆ ತೊಂದರೆಯಾಗುವುದಿಲ್ಲ.

ಇನ್ನು ನಿದ್ದೆ. ಕ್ಯಾಂಪಿನಲ್ಲಿ ರಾತ್ರಿಯಿಡೀ ಜನರೇಟರ್ ಗುಡುಗುಟ್ಟುತ್ತಿರುತ್ತದೆ. ಅದು ನಿಂತರೆ ಏನೋ ಆಯಿತು ಅಂತ ಅರ್ಥ, ಎಲ್ಲರೂ ಎದ್ದು ಕೂರುತ್ತಿದ್ದೆವು. ನಿಮ್ಮ ಮೈ ಇನ್ನೂ ಅದೇ ಲೆಕ್ಕದಲ್ಲಿದೆ, ಮನೆಯ ಸದ್ದಿಲ್ಲದ ರಾತ್ರಿಯೇ ಅದಕ್ಕೆ ಅಪಾಯದಂತೆ ಕಾಣುತ್ತದೆ. ಸುಮ್ನೆ ಫ್ಯಾನ್ ಹಾಕಿಕೊಂಡು ಮಲಗಿ ನೋಡಿ, ನನ್ನ ಜೊತೆಗಿದ್ದ ಕೆಲವರಿಗೆ ಅದೇ ಆಗಿಬಂತು. ನಿದ್ದೆಗೆ ಅಂತ ಕುಡಿಯಬೇಡಿ. ಹೆಂಡತಿಗೆ ಅಲ್ಲಿಯ ಎಲ್ಲವನ್ನೂ ಹೇಳಬೇಕಿಲ್ಲ, "ನನಗೆ ಇನ್ನೂ ಸ್ವಲ್ಪ ದಿನ ಬೇಕು, ಸಿಟ್ಟು ನಿನ್ನ ಮೇಲಲ್ಲ" ಅಷ್ಟನ್ನು ಬಾಯಿಬಿಟ್ಟು ಹೇಳಿ, ಅವರು ತಿಳಿದುಕೊಳ್ಳಲಿ ಅಂತ ಬಿಡಬೇಡಿ.

ಕೆಲವು ವಾರ ಕಳೆದರೂ ಹೀಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ ಅಂತಲೇ ಅದರದ್ದೊಂದು ವಿಭಾಗ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ. ಫೋನ್ ಮಾಡಿದರೆ ಹೆಸರು ಕೆಡುತ್ತದೆ, ಪ್ರಮೋಷನ್ ನಿಲ್ಲುತ್ತದೆ ಅಂತ ಹೆದರಿ ಕೂರುವವರನ್ನು ನೋಡಿದ್ದೇನೆ. ಹೆದರಬೇಡಿ. ನಿಮಗೆ ಮಾತಾಡಲು ಆಗದಿದ್ದರೆ ನಿಮ್ಮ ಹೆಂಡತಿಯೂ ಅದೇ ನಂಬರಿಗೆ ಮಾಡಬಹುದು.