ಮರಗಸಿ ಕೆಲಸಕ್ಕೆ ಕೋರ್ಸ್ ಮೊದಲಾ, ಅನುಭವ ಮೊದಲಾ?

ವಯಸ್ಸು 24, ಡಿಪ್ಲೊಮಾ ಮುಗಿದಿದೆ, ಮರ ಹತ್ತಿ ಕೊಂಬೆ ಕಡಿಯುವುದನ್ನೇ ಕಸುಬು ಮಾಡಿಕೊಳ್ಳಬೇಕು ಅಂತ ಬರೆದಿದ್ದೀರಿ. ದುಡ್ಡು ಕಟ್ಟಿ ಹಗ್ಗ-ಬೆಲ್ಟಿನ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಗೋಬೇಕಾ, ಇಲ್ಲ ಯಾವುದಾದರೂ ಗ್ಯಾಂಗ್ ಸೇರಿ ಕಲಿತರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಮೂಡಿಗೆರೆ ಕಡೆಯವನು. ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಗುತ್ತಿಗೆ ಹಿಡಿಯುತ್ತೇನೆ. ಹದಿನಾಲ್ಕು ವರ್ಷ ನಾನೇ ಹತ್ತಿದವನು. ಆಳು ಸಾಲದಿದ್ದರೆ ಈಗಲೂ ಹತ್ತುತ್ತೇನೆ, ಮನೆಯಲ್ಲಿ ಬೈಸಿಕೊಂಡು.

ಇಲ್ಲಿವರೆಗೆ ತೋಟದ ಒಬ್ಬ ಸಾಹುಕಾರರೂ ನನ್ನ ಹತ್ತಿರ ಸರ್ಟಿಫಿಕೇಟ್ ಕೇಳಿಲ್ಲ. ಹೋದ ವರ್ಷ ಯಾರ ತೋಟ ಮಾಡಿದ್ದೆ, ದಿನಕ್ಕೆ ಎಷ್ಟು ಮರ ಆಗುತ್ತೆ, ಇಷ್ಟೇ ಕೇಳುವುದು. ಇಂಗ್ಲೆಂಡಿನಲ್ಲಿ ಇದೇ ಕೆಲಸದವರಿಗೆ ಟ್ರೀ ಸರ್ಜನ್ ಅಂತಾರೆ. ಅಲ್ಲಿ ಚೈನ್ ಸಾ ಹಿಡಿಯಲು ಒಂದು ಪರೀಕ್ಷೆ, ಹಗ್ಗದಲ್ಲಿ ಹತ್ತಲು ಇನ್ನೊಂದು. ಮೇಲೆ ಸಿಕ್ಕಿಕೊಂಡವನನ್ನು ಇಳಿಸುವುದನ್ನೂ ಕಲಿಸುತ್ತಾರೆ. ನಮ್ಮಲ್ಲಿ ಕತ್ತಿ, ಏಣಿ, ಧೈರ್ಯ ಇದ್ದರೆ ಅವನೇ ಮರಗಸಿಯವನು.

ಹಾಗಂತ ಕೋರ್ಸ್ ಬೇಡ ಅನ್ನುತ್ತಿಲ್ಲ. ಯಾವಾಗ ಹೋಗುತ್ತೀರಿ ಅನ್ನುವುದರ ಮೇಲಿದೆ ಎಲ್ಲ. ನನ್ನನ್ನು ಕೇಳಿದರೆ ಮೊದಲು ಒಂದು ಸೀಸನ್ ನೆಲದ ಮೇಲೆ ಕೆಲಸ ಮಾಡಿ. ಆಮೇಲೆ ತರಬೇತಿ. ಹತ್ತುವುದು ಅದರ ನಂತರ.

ನಾನು ಇದನ್ನು ತಲೆಕೆಳಗು ಮಾಡಿದವನು. ಕೆಲಸಕ್ಕೆ ಸೇರಿದ ಎರಡನೇ ವಾರಕ್ಕೇ ಹತ್ತಿದೆ. ಕಲಿಸಿದ ಹಿರಿಯರು ಊರಿಗೆಲ್ಲ ಹೆಸರುವಾಸಿ, ಮಂಗನ ಹಾಗೆ ಹತ್ತುತ್ತಿದ್ದರು. ಅವರು ಕೊಂಬೆಯನ್ನು ಯಾವಾಗಲೂ ಮೇಲಿನಿಂದಲೇ ಕಡಿಯುತ್ತಿದ್ದರು, ನಾನೂ ಹಾಗೇ ಕಲಿತೆ. ಆರನೇ ವರ್ಷ ಒಂದು ಅತ್ತಿ ಮರದಲ್ಲಿ ತೊಡೆ ಗಾತ್ರದ ಕೊಂಬೆ ಕಡಿಯುತ್ತಿದ್ದೆ. ಅರ್ಧ ಆಗುವಷ್ಟರಲ್ಲಿ ಅದು ಬಾಗಿ, ಸಿಪ್ಪೆ ಸಮೇತ ಸಿಗಿದು, ತೊಗಟೆಗೆ ಜೋತಾಡುತ್ತಾ ಬಂದು ಏಣಿಗೆ ಬಡಿಯಿತು. ಕೆಳಗಿನ ಕಾಫಿ ಗಿಡದ ಮೇಲೆ ಬಿದ್ದಿದ್ದಕ್ಕೆ ಎಡಗೈ ಮುರಿದಿದ್ದರಲ್ಲೇ ಮುಗಿಯಿತು. "ಏಣಿ ಸರಿಯಾಗಿ ಇಟ್ಟಿಲ್ಲ ನೀನು" ಅಂದರು ಹಿರಿಯರು. ನಾನೂ ನಂಬಿದೆ.

ಎರಡು ವರ್ಷ ಆದ ಮೇಲೆ ಐದು ದಿನದ ಒಂದು ತರಬೇತಿಗೆ ಹೋದೆ. ಮೊದಲ ದಿನವೇ ನೆಲದಲ್ಲಿ ಒಂದು ದಿಮ್ಮಿ ಇಟ್ಟು ತೋರಿಸಿದರು. ಮೊದಲು ಕೆಳಗಿನಿಂದ ಸ್ವಲ್ಪ ಕಚ್ಚು ಹಾಕು. ಅದಕ್ಕಿಂತ ಚೂರು ಹೊರಗೆ ಮೇಲಿನಿಂದ ಕಡಿ. ಭಾರ ಬಿದ್ದುಹೋದ ಮೇಲೆ ಉಳಿದ ಮೋಟು ತೆಗಿ. ಅದನ್ನೂ ಕಾಂಡಕ್ಕೆ ಸವರಿ ತೆಗೆಯಬಾರದು, ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರ ಉಳಿಯಬೇಕು. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಹತ್ತು ನಿಮಿಷದ ಪಾಠ ಅಷ್ಟೇ! ಆದರೆ ಅಷ್ಟು ಹೊತ್ತಿಗೆ ನನ್ನ ಕೈ ಪಳಗಿಬಿಟ್ಟಿತ್ತು. ಕತ್ತಿ ಹಿಡಿದರೆ ತಾನೇ ಮೇಲಿನಿಂದ ಬೀಸುತ್ತಿತ್ತು. ಅದನ್ನು ಬಿಡಿಸಲು ಮತ್ತೆರಡು ವರ್ಷ ಹಿಡಿಯಿತು.

ಅದೇ ಬ್ಯಾಚಿನಲ್ಲಿ ಕಾಲೇಜು ಮುಗಿಸಿ ನೇರ ಬಂದ ಇಬ್ಬರು ಹುಡುಗರಿದ್ದರು. ಗಂಟು ಹಾಕುವುದರಲ್ಲಿ ನನಗಿಂತ ಚುರುಕು. ಮೂರನೇ ದಿನ ಅವರಲ್ಲಿ ಒಬ್ಬ ಸಿಲ್ವರ್ ಓಕ್ ಮರದ ಕೊಂಬೆಗೆ ಹಗ್ಗ ಎಸೆದು, ಗಂಟು ಚೆಂದಾಗಿ ಬಿಗಿದು, ಇನ್ನೇನು ಜೋತು ಬೀಳುವುದರಲ್ಲಿದ್ದ. ಸಿಲ್ವರ್ ಕೊಂಬೆ ನೋಡಲು ಗಟ್ಟಿ, ಕಾಂಡ ಸೇರುವ ಜಾಗದಲ್ಲಿ ಪಟ್ಟಂತ ಮುರಿಯುತ್ತೆ. ಒಂದು ಸೀಸನ್ ಕೆಳಗೆ ನಿಂತು ಕೊಂಬೆ ಎಳೆದು ಹಾಕಿದ್ದರೆ ಅವನಿಗೇ ಗೊತ್ತಿರುತ್ತಿತ್ತು, ಅಲ್ವಾ?

ನೆಲದಲ್ಲಿ ಕಲಿಯುವುದು ಜಾಸ್ತಿ ಇದೆ. ಹಾಲವಾಣ ಮರ ಎಷ್ಟು ಹಗುರ, ಎಷ್ಟು ಪೊಳ್ಳು. ಮೆಣಸಿನ ಬಳ್ಳಿ ಮುಚ್ಚಿದ ಕಾಂಡದಲ್ಲಿ ಪೊಟರೆ ಎಲ್ಲಿರುತ್ತೆ. ಚಗಳಿ ಇರುವೆಯ ಗೂಡು, ಹೆಜ್ಜೇನು ಯಾವ ಎತ್ತರದಲ್ಲಿ. ಇದಕ್ಕಿಂತ ದೊಡ್ಡದು ನೆರಳಿನ ಲೆಕ್ಕ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಜೂನ್ ಮಳೆ ಹಿಡಿಯುವ ಮುಂಚೆ ನಾವು ಕಡಿಯುವುದು ಗಾಳಿ ಬೆಳಕು ಆಡಲಿ ಅಂತ. ಕಡಿಮೆ ಕಡಿದರೆ ಮಳೆಗಾಲದಲ್ಲಿ ಗಿಡಕ್ಕೆ ಕೊಳೆರೋಗ. ಜಾಸ್ತಿ ಕಡಿದರೆ ಬಿಸಿಲು ನೇರ ಕಾಂಡಕ್ಕೆ ಬಿದ್ದು ಅರೇಬಿಕಾ ಕಾಫಿಗೆ ಬೋರರ್, ಅಂದರೆ ಬಿಳಿ ಕಾಂಡಕೊರಕ ಹುಳು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರು ನೆರಳು ಸರಿಯಾಗಿ ಇಟ್ಟುಕೊಳ್ಳಿ ಅಂತ ಹೇಳುತ್ತಲೇ ಇರುವುದು ಇದಕ್ಕೇ. ರೋಬಸ್ಟಾ ಕಾಫಿ ಜಾಸ್ತಿ ಬೆಳಕು ತಡೆದುಕೊಳ್ಳುತ್ತೆ. ಪಶ್ಚಿಮದ ಇಳಿಜಾರಿನಲ್ಲಿ ಕೈ ಬಿಗಿ ಹಿಡಿದು ಕಡಿಮೆ ಕಡಿಯಬೇಕು. ಯಾವ ಹಗ್ಗದ ಕೋರ್ಸಿನಲ್ಲೂ ಇದಿಲ್ಲ. ಮರದ ಕೆಳಗೆ ನಿಂತು ಮೇಲೆ ನೋಡಿ ನೋಡಿ ಕತ್ತು ನೋಯಿಸಿಕೊಂಡೇ ಬರಬೇಕು.

ಸಾಮಾನಿನ ವಿಷಯ. ಕಟ್ಟಡ ಕೆಲಸದ ಬೆಲ್ಟ್ ತಗೊಂಡು ಮರ ಹತ್ತಬೇಡಿ. ಅದು ಬಿದ್ದಾಗ ಹಿಡಿಯಲು ಇರುವುದು, ಕೂತು ಕೆಲಸ ಮಾಡಲು ಅಲ್ಲ. ಹೆಲ್ಮೆಟ್ಟಿಗೆ ಗದ್ದದ ಪಟ್ಟಿ ಇರಲೇಬೇಕು. ಏಣಿ ಮೇಲೆ ನಿಂತು ಚೈನ್ ಸಾ ಓಡಿಸುವವರ ಜೊತೆ ಸೇರಲೇಬೇಡಿ, ಎಷ್ಟು ದುಡ್ಡು ಕೊಟ್ಟರೂ. ಅಲ್ಯುಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ನಮ್ಮ ಕಡೆ ಸತ್ತವರು ಒಬ್ಬಿಬ್ಬರಲ್ಲ. ಬಿದಿರಿನ ಏಣಿಯೂ ಒದ್ದೆಯಾದರೆ ನಂಬುವ ಹಾಗಿಲ್ಲ. ತಂತಿ ಹತ್ತಿರ ಇದ್ದರೆ ಲೈನ್‌ಮ್ಯಾನ್ ಬಂದು ಆಫ್ ಮಾಡುವವರೆಗೆ ಕೂತು ಬೀಡಿ ಸೇದಿ, ಪರವಾಗಿಲ್ಲ.

ಇನ್ನೊಂದು, ಸಾಹುಕಾರರು "ಬುಡಕ್ಕೇ ಹಾಕಿಬಿಡಪ್ಪ" ಅಂದರೆ ಸುಮ್ನೆ ಹೂಂ ಅನ್ನಬೇಡಿ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್‌ನಂಥ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಬೀಟೆ ಮರದ ತಂಟೆಗಂತೂ ಹೋಗಲೇಬೇಡಿ.

ಏಪ್ರಿಲ್ ಹೊತ್ತಿಗೆ ಯಾವುದಾದರೂ ಗ್ಯಾಂಗಿಗೆ ಕೊಂಬೆ ಎಳೆಯುವ ಆಳಾಗಿ ಸೇರಿಕೊಳ್ಳಿ. ಸಂಬಳ ಹತ್ತುವವರಿಗಿಂತ ಕಡಿಮೆ, ಡಿಪ್ಲೊಮಾ ಮಾಡಿ ಇದಾ ಅಂತ ಮನೆಯವರೂ ಕೇಳಬಹುದು. ಸೇರುವ ಮುಂಚೆ ಮೇಸ್ತ್ರಿಯನ್ನು ಒಂದು ಮಾತು ಕೇಳಿ: ಮೇಲೆ ಹತ್ತಿದವನಿಗೆ ತಲೆ ಸುತ್ತು ಬಂದರೆ ಹತ್ತಿ ಇಳಿಸುವವರು ಯಾರು? ಒಬ್ಬರ ಹೆಸರು ಹೇಳಿದರೆ ಸೇರಿ. ನಕ್ಕರೆ, ಪಕ್ಕದ ತೋಟದಲ್ಲಿ ಬೇರೆ ಗ್ಯಾಂಗ್ ಇರುತ್ತೆ, ಅಲ್ಲಿಗೆ ಹೋಗಿ.