ನಂದಿ ಏರಿನಲ್ಲಿ ಮನಸ್ಸು ಮೊದಲು ಸೋತರೆ

ಪ್ರಶ್ನೆ: ಸೈಕಲ್‌ನಲ್ಲಿ ನಂದಿಬೆಟ್ಟ ಹತ್ತುವಾಗ ಅರ್ಧದಲ್ಲೇ ‘ಇನ್ನಾಗದು’ ಅನ್ನಿಸಿ ಇಳಿದುಬಿಡುತ್ತೇನೆ. ಐದು ನಿಮಿಷದಲ್ಲಿ ಕಾಲು ಸರಿಹೋಗಿರುತ್ತದೆ. ಏಕೆ?
– ಓದುಗರು, ಯಲಹಂಕ

ಉತ್ತರ: ಬಹುತೇಕರ ತಪ್ಪು ಬುಡದಲ್ಲೇ ಆಗಿರುತ್ತದೆ: ಜೊತೆಯವರ ವೇಗಕ್ಕೆ ಬಿದ್ದು ಜೋರಾಗಿ ತುಳಿಯುವುದು. ಶ್ರಮವನ್ನು 10ಕ್ಕೆ ಎಷ್ಟೆಂದು ಅಳೆಯಿರಿ. ಶುರುವಿನಲ್ಲಿ 6 ದಾಟಬೇಡಿ, ಚಿಕ್ಕ ವಾಕ್ಯ ಆಡುವಷ್ಟು ಉಸಿರಿರಲಿ. ಕೊನೆಯ ಕಿಲೋಮೀಟರಿಗೆ 8. ಕಣ್ಣು ಮುಂದಿನ ತಿರುವಿನವರೆಗೆ ಮಾತ್ರ. ಕಡಿದಾದ ತಿರುವಿಗೆ ಮೊದಲೇ ಗೇರ್ ಇಳಿಸಿ. ಪೆಡಲ್ ಮೇಲೆ ಭಾರ ಬಿದ್ದಾಗ ಬದಲಿಸಿದರೆ ಚೈನ್ ಕಟಕಟ ಎಂದು ಜಿಗಿದು ಲಯ, ಗಮನ ಎರಡೂ ಹೋಗುತ್ತವೆ. ಹ್ಯಾಂಡಲ್ ಹಿಡಿದ ಬೆರಳ ಗೆಣ್ಣು ಬಿಳಿಚಿದ್ದರೆ ಹಿಡಿತ ಸಡಿಲಿಸಿ.

ಹಿಂದಿನ ರಾತ್ರಿ ತಡವಾಗಿ ಆಫೀಸ್ ಕೆಲಸ ಮಾಡಿದ್ದಿರಾ? ಇದನ್ನು ಕಡೆಗಣಿಸಲೇಬೇಡಿ. 2009ರಲ್ಲಿ ಪ್ರಕಟವಾದ, ವ್ಯಾಯಾಮ ಸಂಶೋಧಕ ಮಾರ್ಕೋರಾ ತಂಡದ ಪ್ರಯೋಗದಲ್ಲಿ, 90 ನಿಮಿಷ ತಲೆಗೆ ಕೆಲಸ ಕೊಟ್ಟ ಬಳಿಕ ಸೈಕಲ್ ತುಳಿದವರಿಗೆ ಅದೇ ಹೊರೆ ಹೆಚ್ಚು ಕಷ್ಟವೆನಿಸಿತು, ಬೇಗ ಕೈಬಿಟ್ಟರು.