ಬಾಡಿಗೆ ಕಾರು, ಬಂಪರಿನ ಗೀರು: ನೀವು ಕಟ್ಟಿದ್ದು ವಿಮೆಯೇ?

ಸ್ವತಃ ಓಡಿಸಿಕೊಂಡು ಹೋಗುವ ಬಾಡಿಗೆ ಕಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ವಾಹನ ವಿಮೆಯ ಸರ್ವೇಯರ್ ಆಗಿ, ಅಂದರೆ ವಾಹನದ ಹಾನಿಯನ್ನು ನೋಡಿ ಪರಿಹಾರದ ಲೆಕ್ಕ ಹಾಕುವವನಾಗಿ, ಬಹುಕಾಲ ಕೆಲಸ ಮಾಡಿದವನು ನಾನು. ಕಾರಿನ ಪೆಟ್ಟನ್ನು ನೋಡುವ ಕಣ್ಣು ಆ ಕೆಲಸದಿಂದ ಬಂದದ್ದು.

ಪ್ರಶ್ನೆ: ಮೈಸೂರಿನವನಾದ ನಾನು ಬೆಂಗಳೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ಪಡೆದು ಮೂರು ದಿನ ಚಿಕ್ಕಮಗಳೂರಿಗೆ ಹೋಗಿ ಬಂದೆ. ಬಾಡಿಗೆಯ ಜೊತೆಗೆ ‘ಡ್ಯಾಮೇಜ್ ಪ್ರೊಟೆಕ್ಷನ್’ ಎಂದು 900 ರೂಪಾಯಿ, ಠೇವಣಿಯಾಗಿ 5,000 ರೂಪಾಯಿ ಕಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಕಾರು ಹಿಂದಿರುಗಿಸಿದಾಗ ಅಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಅವರು ಹೇಳಿದಂತೆ ಬೀಗದಕೈಯನ್ನು ಪೆಟ್ಟಿಗೆಗೆ ಹಾಕಿ ಬಂದೆ. ಮರುದಿನ ಮಧ್ಯಾಹ್ನ, ಮುಂದಿನ ಬಂಪರಿನಲ್ಲಿ ಗೀರು ಮತ್ತು ತಳಭಾಗಕ್ಕೆ ಪೆಟ್ಟು ಎಂದು 18,500 ರೂಪಾಯಿಯ ಲೆಕ್ಕ ಬಂತು. ಠೇವಣಿ ಮುರಿದುಕೊಂಡು ಉಳಿದದ್ದನ್ನು ಕೇಳುತ್ತಿದ್ದಾರೆ. ವಿಮೆ ಕಟ್ಟಿದ ಮೇಲೂ ನಾನೇಕೆ ಕೊಡಬೇಕು?

ಉತ್ತರ: ನೀವು ಕಟ್ಟಿದ್ದು ವಿಮೆಯಲ್ಲ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹುಟ್ಟುವುದೇ ಈ ತಪ್ಪು ತಿಳಿವಳಿಕೆಯಿಂದ. ಕಾರಿನ ವಿಮೆ ಅದರ ಮಾಲೀಕನ ಹೆಸರಿನಲ್ಲಿರುತ್ತದೆ, ಪರಿಹಾರ ಬಂದರೂ ಅವನಿಗೇ ಬರುತ್ತದೆ. ಆ 900 ರೂಪಾಯಿಗೆ ನಿಮಗೆ ಸಿಕ್ಕಿದ್ದು ಬಾಡಿಗೆ ಕಂಪನಿಯ ಒಂದು ಭರವಸೆ: ಪೆಟ್ಟು ಬಿದ್ದರೆ ಇಂತಿಷ್ಟು ಮೊತ್ತದವರೆಗೆ ಮಾತ್ರ ನಿಮ್ಮಿಂದ ಕೇಳುತ್ತೇವೆ, ಉಳಿದದ್ದು ನಮ್ಮ ಹೊಣೆ ಎಂಬುದು. ಆ ಭರವಸೆಗೆ ಎಲ್ಲೆಗಳೂ ಇರುತ್ತವೆ. ತಳಭಾಗ, ಟೈರು, ಒಳಗಿನ ಸೀಟು, ಕಳೆದ ಬೀಗದಕೈ ಇವುಗಳನ್ನು ಹೊರಗಿಡುವ ಕರಾರುಗಳು ಸಾಮಾನ್ಯ. ಆದ್ದರಿಂದ ಮೊದಲು ಕರಾರುಪತ್ರ ತೆಗೆದು, ನಿಮ್ಮ ಹೊಣೆಯ ಮಿತಿ ಎಷ್ಟು, ಬಂಪರ್ ಅದರೊಳಗೆ ಬರುತ್ತದೆಯೇ, ತಳಭಾಗ ಹೊರಗಿದೆಯೇ ಎಂಬ ಮೂರನ್ನು ಓದಿಕೊಳ್ಳಿ. 18,500ರಲ್ಲಿ ಬಂಪರಿಗೆ ಎಷ್ಟು, ತಳಭಾಗಕ್ಕೆ ಎಷ್ಟು ಎಂಬುದನ್ನು ಬಿಡಿಸಿ ಕೊಡದೆ ಅವರು ಒಟ್ಟು ಮೊತ್ತ ಕೇಳುವಂತಿಲ್ಲ, ನೀವು ಕೊಡಬೇಕಾಗಿಯೂ ಇಲ್ಲ.

ಎರಡನೆಯದು, ಪೆಟ್ಟು ಯಾವಾಗ ಬಿತ್ತು ಎಂಬುದು. ಇಲ್ಲಿ ನಿಮ್ಮ ಪರವಾಗಿಲ್ಲದ ಒಂದು ಮಾತನ್ನೂ ಹೇಳಬೇಕು. ಇನ್ನೊಬ್ಬರ ವಸ್ತುವನ್ನು ಬಳಸಲು ಪಡೆದವನು ಅದನ್ನು ತನ್ನದೇ ವಸ್ತುವಿನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ. ನಿಮ್ಮ ವಶದಲ್ಲಿದ್ದಾಗಲೇ ಹಾನಿಯಾಯಿತು ಎಂದು ತೋರಿಬಂದರೆ, ಜೋಪಾನ ಮಾಡಿದ್ದೆ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಆದರೆ ನಿಮ್ಮ ವಶದಲ್ಲಿದ್ದಾಗಲೇ ಆಯಿತು ಎಂಬುದನ್ನು ಮೊದಲು ಕಂಪನಿ ತೋರಿಸಬೇಕಲ್ಲವೇ? ರಾತ್ರಿ ಹನ್ನೊಂದರಿಂದ ಮರುದಿನ ಮಧ್ಯಾಹ್ನದವರೆಗೆ ಕಾರು ನಿಮ್ಮ ಬಳಿ ಇರಲಿಲ್ಲ. ಸಿಬ್ಬಂದಿ ಇಲ್ಲದ ಜಾಗದಲ್ಲಿ ಬಿಟ್ಟು ಹೋಗಲು ಹೇಳಿದವರು ಅವರೇ. ಆ ಅವಧಿಯಲ್ಲಿ ಕಾರನ್ನು ಯಾರು ಸರಿಸಿದರು, ತೊಳೆಯಲು ಯಾರು ಒಯ್ದರು? ಆ ಜಾಗದ ಕ್ಯಾಮೆರಾ ದೃಶ್ಯವನ್ನು ಕಾಯ್ದಿರಿಸುವಂತೆ ಇಂದೇ ಇಮೇಲ್ ಕಳುಹಿಸಿ. ಅಂಥ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತವೆ.

ಅವರು ಕಳುಹಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಗೀರಿನ ಸಂದಿಯಲ್ಲಿ ಧೂಳು ಕೂತು ಕಪ್ಪಾಗಿದ್ದರೆ ಅದು ಹಳೆಯದು. ಹೊಸ ಗೀರಿನ ಅಂಚಿನಲ್ಲಿ ಬಣ್ಣದ ಪುಡಿ ಇರುತ್ತದೆ. ತಳಭಾಗದ ಲೋಹದ ಮೇಲೆ ಕಲ್ಲು ತಾಗಿದ್ದರೆ ಮೊದಲ ದಿನ ಅಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಂದು ತುಕ್ಕು ಹರಡಿ ಒಣಗಿದ್ದರೆ ಆ ಪೆಟ್ಟು ನಿಮ್ಮ ಮೂರು ದಿನಗಳದ್ದು ಎಂದು ನಂಬುವುದು ಕಷ್ಟ. ಮುಳ್ಳಯ್ಯನಗಿರಿಯ ದಾರಿಯಲ್ಲೋ ಹೋಂಸ್ಟೇಯ ಮಣ್ಣುರಸ್ತೆಯಲ್ಲೋ ತಳ ತಾಗಿದ ನೆನಪು ನಿಮಗಿದ್ದರೆ ಅದನ್ನು ಮುಚ್ಚಿಡಬೇಡಿ. ಆದದ್ದನ್ನು ಒಪ್ಪಿಕೊಂಡವನು ಆಗದ್ದನ್ನು ಅಲ್ಲಗಳೆದರೆ ಅವನ ಮಾತಿಗೆ ತೂಕವಿರುತ್ತದೆ.

ಇನ್ನು ಮೊತ್ತದ ಮಾತು. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ, ಏಕೆಂದರೆ ಗ್ರಾಹಕರು ಸೋಲುವುದು ಇಲ್ಲಿ. ತಪ್ಪು ತಮ್ಮದೇ ಎಂದು ಗೊತ್ತಾದೊಡನೆ ಕೇಳಿದಷ್ಟನ್ನೂ ಕೊಟ್ಟುಬಿಡುತ್ತಾರೆ. ತಪ್ಪು ನಿಮ್ಮದೇ ಆಗಿದ್ದರೂ ನೀವು ತುಂಬಿಕೊಡಬೇಕಾದದ್ದು ನಿಜವಾಗಿ ಆದ ನಷ್ಟವನ್ನು. ‘ಬಂಪರ್ ಪೆಟ್ಟಿಗೆ ಇಷ್ಟು’ ಎಂದು ಕರಾರಿನಲ್ಲಿ ದರಪಟ್ಟಿ ಅಚ್ಚಾಗಿದ್ದರೂ ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತವು ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ದಕ್ಕುತ್ತದೆ. ಹಾಗಾಗಿ ವರ್ಕ್‌ಶಾಪಿನ ಅಂದಾಜು ಪಟ್ಟಿ, ದುರಸ್ತಿಯ ಜಾಬ್ ಕಾರ್ಡ್ (ವರ್ಕ್‌ಶಾಪಿನವರು ಬರೆದಿಡುವ ಕೆಲಸದ ದಾಖಲೆ), ಜಿಎಸ್‌ಟಿ ಸಂಖ್ಯೆಯಿರುವ ಬಿಲ್, ಬದಲಾಯಿಸಿದ ಹಳೆಯ ಬಂಪರಿನ ಫೋಟೋ ಇವೆಲ್ಲವನ್ನೂ ಕೇಳಿ. ಬರೀ ಗೀರಿಗೆ ಬಂಪರನ್ನೇ ಏಕೆ ಬದಲಾಯಿಸಿದರು, ಬಣ್ಣ ಹಚ್ಚಿದರೆ ಸಾಲುತ್ತಿರಲಿಲ್ಲವೇ ಎಂದೂ ಕೇಳಿ. ಬಿಲ್ ತೋರಿಸಲು ಹಿಂಜರಿಯುವವರು ದುರಸ್ತಿಯನ್ನೇ ಮಾಡಿಸದೆ, ಅದೇ ಗೀರನ್ನು ಮುಂದಿನ ಗ್ರಾಹಕನ ತಲೆಗೂ ಕಟ್ಟುವ ಸಾಧ್ಯತೆ ಇದೆ.

ಹೊಸ ಬಂಪರಿನ ಪೂರ್ತಿ ಬೆಲೆ ಕೇಳಿದ್ದರೆ ವಿಮೆಯ ಲೆಕ್ಕವನ್ನೇ ಅವರ ಮುಂದಿಡಿ. ನಾವು ಸರ್ವೇಯರುಗಳು ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಸವಕಳಿ (ಬಳಕೆಯಿಂದ ಇಳಿದ ಬೆಲೆ) ಕಳೆಯುತ್ತಿದ್ದೆವು, ಬಣ್ಣದ ಸಾಮಗ್ರಿಗೂ ಶೇ 50. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ: ಎರಡರಿಂದ ಮೂರು ವರ್ಷದ ಕಾರಿಗೆ ಶೇ 15, ನಾಲ್ಕರಿಂದ ಐದಕ್ಕೆ ಶೇ 35. ಗಾಜಿಗೆ ಮಾತ್ರ ಸವಕಳಿ ಇಲ್ಲ. ಈ ಕೋಷ್ಟಕ ನಿಮ್ಮ ಬಾಡಿಗೆ ಕರಾರಿಗೆ ಕಾನೂನಾಗಿ ಅಂಟುವುದಿಲ್ಲ ನಿಜ, ಆದರೆ ನಾಲ್ಕು ವರ್ಷ ಓಡಿದ ಬಂಪರಿಗೆ ಹೊಸದರ ಬೆಲೆ ಕೇಳುವುದು ನಷ್ಟ ತುಂಬಿಸಿಕೊಳ್ಳುವುದಲ್ಲ, ಲಾಭ ಮಾಡಿಕೊಳ್ಳುವುದು ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಅವರು ತಮ್ಮ ವಿಮಾ ಕಂಪನಿಯಿಂದ ಪರಿಹಾರ ಪಡೆದಿದ್ದಾರೆಯೇ ಎಂಬುದನ್ನೂ ಬರಹದಲ್ಲಿ ಕೇಳಿ. ಒಂದೇ ನಷ್ಟಕ್ಕೆ ವಿಮೆಯಿಂದಲೂ ನಿಮ್ಮಿಂದಲೂ ಪೂರ್ತಿ ಹಣ ಪಡೆಯುವಂತಿಲ್ಲ. ‘ಕಾರು ನಿಂತಿದ್ದ ದಿನಗಳ ಬಾಡಿಗೆ’ ಸೇರಿಸಿದ್ದರೆ ಜಾಬ್ ಕಾರ್ಡಿನಲ್ಲಿ ಕಾರು ಒಳಹೋದ ಮತ್ತು ಹೊರಬಂದ ದಿನಾಂಕ ನೋಡಿ.

ಫೋನಿನಲ್ಲಿ ವಾದಿಸಬೇಡಿ. ಎಲ್ಲವನ್ನೂ ಇಮೇಲಿನಲ್ಲಿ ಬರೆದು ಹದಿನೈದು ದಿನ ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಊರಿನಲ್ಲೇ, ಅಂದರೆ ಮೈಸೂರಿನಲ್ಲೇ, ದೂರು ಕೊಡಬಹುದು. ‘ಇ-ಜಾಗೃತಿ’ ತಾಣದ ಮೂಲಕವೂ ಸಲ್ಲಿಸಬಹುದು. ನೀವು ಕೊಟ್ಟ ಬಾಡಿಗೆ ಐದು ಲಕ್ಷ ರೂಪಾಯಿಯ ಒಳಗಿರುವುದರಿಂದ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದ ಕಾಲಾವಕಾಶವಿದೆ. ವ್ಯಾಜ್ಯವೇನಿದ್ದರೂ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಮೂಲಕವೇ, ಇಂಥ ಊರಿನಲ್ಲೇ ಎಂಬ ಸಾಲು ಕರಾರಿನಲ್ಲಿದ್ದರೆ ಹೆದರಬೇಡಿ. ಅಂಥ ಸಾಲು ಗ್ರಾಹಕ ಆಯೋಗದ ಬಾಗಿಲನ್ನು ಮುಚ್ಚುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಖಚಿತಪಡಿಸಿದೆ.

ಪ್ರಶ್ನೆ: ಪರಿಚಯದವರೊಬ್ಬರ ಬಿಳಿ ನಂಬರ್ ಫಲಕದ, ಅಂದರೆ ಸ್ವಂತ ಬಳಕೆಯ, ಕಾರನ್ನು ದಿನಕ್ಕೆ 2,000 ರೂಪಾಯಿಯಂತೆ ಪಡೆದು ಹಾಸನದಿಂದ ಹೊರಟಿದ್ದೆ. ಸಕಲೇಶಪುರದ ಬಳಿ ಬೈಕಿಗೆ ತಾಗಿ ಸವಾರನ ಕಾಲು ಮುರಿಯಿತು, ಕಾರಿನ ಮುಂಭಾಗವೂ ಜಖಂ ಆಯಿತು. ‘ಸ್ನೇಹಿತನಿಗೆ ಸುಮ್ಮನೆ ಕೊಟ್ಟಿದ್ದೆ ಎಂದು ನಾನು ಹೇಳುತ್ತೇನೆ, ನೀನೂ ಹಾಗೆಯೇ ಹೇಳು’ ಎನ್ನುತ್ತಾರೆ ಮಾಲೀಕರು. ಹಾಗೆ ಹೇಳಬಹುದೇ?

ಉತ್ತರ: ಬೇಡ. ನೀವು ಕಳುಹಿಸಿದ ಯುಪಿಐ ಹಣವೇ ನಿಮ್ಮ ಮಾತನ್ನು ಸುಳ್ಳು ಮಾಡುತ್ತದೆ. ಆ ಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಸ್ವಂತ ಬಳಕೆಯ ಕಾರಿನ ವಿಮೆಯಲ್ಲಿ ಬಾಡಿಗೆಗೆ ಕೊಡುವಂತಿಲ್ಲ ಎಂಬ ಷರತ್ತು ಇರುತ್ತದೆ. ಹಾಗಾಗಿ ಕಾರಿನ ಜಖಂಗೆ ವಿಮಾ ಕಂಪನಿ ಹಣ ನಿರಾಕರಿಸಬಹುದು, ನಿರಾಕರಿಸುವುದೇ ಹೆಚ್ಚು. ಕಾಲು ಮುರಿದ ಸವಾರನ ವಿಷಯ ಬೇರೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು ಮೋಟಾರು ವಾಹನ ಕಾಯ್ದೆಯ 150ನೇ ಕಲಮಿನಂತೆ ವಿಮಾ ಕಂಪನಿಗೆ ಸಿಗುವ ಒಂದು ಆಕ್ಷೇಪ. ಹಾಗಿದ್ದರೂ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಮಂಡಳಿಗಳು ವಿಮಾ ಕಂಪನಿಗಳಿಗೆ ಎಷ್ಟೋ ಬಾರಿ ಆದೇಶಿಸಿವೆ. ಮಾಲೀಕರ ಆತಂಕ ಅದರದ್ದು. ಜೊತೆಗೆ ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ 192ಎ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಜೈಲು ಇದೆ.

ಪೊಲೀಸರಿಗೆ ತಿಳಿಸಿದ್ದೀರಾ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಕರ್ತವ್ಯ. ಇನ್ನೂ ತಿಳಿಸಿಲ್ಲವಾದರೆ ಈ ಪತ್ರಿಕೆ ಮಡಚಿಟ್ಟು ಹೋಗಿ ಬನ್ನಿ. ಆ ಸವಾರನಿಗೆ ಪರಿಹಾರ ಸಿಗಬೇಕಾದರೆ ಅವನಿಗೆ ಆ ದಾಖಲೆ ಬೇಕು. ನಿಮ್ಮ ಮತ್ತು ಮಾಲೀಕರ ಜಗಳಕ್ಕಿಂತ ಅವನ ಕಾಲು ದೊಡ್ಡದು.

ಕಾರಿನ ದುರಸ್ತಿಯ ವಿಷಯದಲ್ಲಿ, ನಿರ್ಲಕ್ಷ್ಯ ನಿಮ್ಮದಾಗಿದ್ದರೆ ಪೂರ್ತಿ ಕೈತೊಳೆದುಕೊಳ್ಳಲು ಆಗದು. ಆದರೆ ವಿಮೆ ಇಲ್ಲವಾದದ್ದು ಮಾಲೀಕರು ಕಾನೂನು ಮೀರಿ ಬಾಡಿಗೆಗೆ ಕೊಟ್ಟದ್ದರಿಂದ. ಸರಿಯಾದ ವಿಮೆ ಇದ್ದಿದ್ದರೆ ಬರುತ್ತಿದ್ದ ಹಣವನ್ನು ಕಳೆದು ಮಾತನಾಡೋಣ ಎಂದು ನೀವು ಕೇಳುವುದು ನ್ಯಾಯವೇ.

ಇತರರಿಗೆ ಒಂದು ಮಾತು: ಪರವಾನಗಿ ಪಡೆದ ಸೆಲ್ಫ್ ಡ್ರೈವ್ ಕಾರಿನ ನಂಬರ್ ಫಲಕ ಕಪ್ಪು, ಅಕ್ಷರ ಹಳದಿ. 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಇಂಥ ವ್ಯವಹಾರಕ್ಕೆ ಸಾರಿಗೆ ಇಲಾಖೆಯ ಪರವಾನಗಿ ಬೇಕು, ಕನಿಷ್ಠ ಐವತ್ತು ಕಾರುಗಳಿರಬೇಕು ಎಂಬ ನಿಯಮವೂ ಅದರಲ್ಲಿದೆ. ಎಂ-ಪರಿವಾಹನ್ ಆ್ಯಪಿನಲ್ಲಿ ವಾಹನದ ಸಂಖ್ಯೆ ಹಾಕಿ, ವಿಮೆ ಯಾವ ದಿನಾಂಕದವರೆಗೆ ಇದೆ ಎಂದು ಬೀಗದಕೈ ಪಡೆಯುವ ಮೊದಲೇ ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮಳೆ ಬಂದ ರಾತ್ರಿ ಅಂಡರ್‌ಪಾಸಿನ ನೀರಿನಲ್ಲಿ ಬಾಡಿಗೆ ಕಾರು ನಿಂತುಹೋಯಿತು. ಎರಡು ಮೂರು ಬಾರಿ ಸ್ಟಾರ್ಟ್ ಮಾಡಲು ನೋಡಿದೆ. ಈಗ ಎಂಜಿನ್ ಹಾಳಾಗಿದೆ, ಪೂರ್ತಿ ವೆಚ್ಚ ಕೊಡಿ ಎನ್ನುತ್ತಾರೆ.

ಉತ್ತರ: ಆ ಎರಡು ಮೂರು ಬಾರಿಯೇ ನಿಮಗೆ ಮುಳುವಾಗಿದೆ. ಎಂಜಿನಿನೊಳಗೆ ನೀರು ಹೊಕ್ಕಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ನೀರನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ನುಗ್ಗಿದ್ದು ಅಪಘಾತ, ಆಮೇಲೆ ಸ್ಟಾರ್ಟ್ ಮಾಡಿ ಕೆಡಿಸಿದ್ದು ಬೇರೆ ಎಂದು ವಿಮಾ ಕಂಪನಿಗಳು ಎರಡನ್ನೂ ಬೇರ್ಪಡಿಸುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ಎರಡನೆಯದಕ್ಕೆ ಹಣ ಕೊಡುವುದಿಲ್ಲ. ಮಾಲೀಕರ ಬಳಿ ಆ ಹೆಚ್ಚುವರಿ ಪಾಲಿಸಿ ಇದೆಯೇ ಎಂದು ಕೇಳಿ, ಪ್ರತಿ ತರಿಸಿಕೊಳ್ಳಿ.

ನಿಲ್ಲಿಸಿದ್ದ ಕಾರಿಗೆ ರಾತ್ರೋರಾತ್ರಿ ನೀರು ನುಗ್ಗಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಜೋಪಾನ ಮಾಡಿಯೂ ಆದ ಹಾನಿಗೆ, ವಿಶೇಷ ಕರಾರು ಇಲ್ಲದಿದ್ದರೆ, ಪಡೆದವನು ಹೊಣೆಯಲ್ಲ ಎನ್ನುತ್ತದೆ ಕರಾರು ಕಾಯ್ದೆಯ 152ನೇ ಕಲಂ. ನಿಂತ ನೀರಿಗೆ ತಿಳಿದೂ ಇಳಿಸಿದವರಿಗೆ ಆ ಆಸರೆ ಸಿಗುವುದಿಲ್ಲ. ನಿಮಗೆ ಉಳಿದಿರುವುದು ಮೊತ್ತದ ಮೇಲಿನ ವಾದ: ಎಂಜಿನ್ ಬಿಚ್ಚಿ ನೋಡಿದ ವರದಿ, ಬಾಗಿದ ಭಾಗಗಳ ಪಟ್ಟಿ, ಓಡಿದ ಕಿಲೋಮೀಟರು. ಹಳೆಯ ಎಂಜಿನಿಗೆ ಹೊಸ ಎಂಜಿನಿನ ಬೆಲೆ ಕಟ್ಟಬೇಡಿ.

ಪ್ರಶ್ನೆ: ಕರಾರು ನನ್ನ ಹೆಸರಿನಲ್ಲಿತ್ತು, ಓಡಿಸುತ್ತಿದ್ದವನು ನನ್ನ ತಮ್ಮ. ಅವನಿಗೂ ಲೈಸೆನ್ಸ್ ಇದೆ, ತಪ್ಪು ಎದುರಿನ ಲಾರಿಯದು. ಆದರೂ ‘ಪ್ರೊಟೆಕ್ಷನ್’ ರದ್ದಾಗಿದೆ ಎನ್ನುತ್ತಾರೆ. ಇದು ಸರಿಯೇ? (ಶಿವಮೊಗ್ಗದಿಂದ)

ಉತ್ತರ: ನೋವಿನ ಮಾತು, ಆದರೆ ಇಲ್ಲಿ ಕಾನೂನು ಅವರ ಕಡೆಗಿದೆ. ಒಪ್ಪಿದ ರೀತಿಯನ್ನು ಮೀರಿ ಬಳಸಿದಾಗ ಆದ ಹಾನಿಗೆ ಪಡೆದವನೇ ಹೊಣೆ ಎನ್ನುವ ಕರಾರು ಕಾಯ್ದೆಯ 154ನೇ ಕಲಮಿಗೆ 1872ರಲ್ಲಿ ಕೊಟ್ಟ ಉದಾಹರಣೆಯೇ ನಿಮ್ಮ ಕಥೆಯಂತಿದೆ. ಒಬ್ಬನು ತಾನೊಬ್ಬನೇ ಸವಾರಿ ಮಾಡುವುದಾಗಿ ಕುದುರೆ ಪಡೆಯುತ್ತಾನೆ, ಮನೆಯವನೊಬ್ಬನಿಗೆ ಏರಲು ಬಿಡುತ್ತಾನೆ. ಅವನು ಜಾಗರೂಕನಾಗಿಯೇ ಓಡಿಸುತ್ತಾನೆ, ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಳ್ಳುತ್ತದೆ. ಆದರೂ ಪಡೆದವನೇ ತೆರಬೇಕು. ಮುಂದಿನ ಉದಾಹರಣೆಯಲ್ಲಿ ಕಾಶಿಗೆಂದು ಕಲ್ಕತ್ತದಲ್ಲಿ ಕುದುರೆ ಬಾಡಿಗೆಗೆ ಪಡೆದವನು ಕಟಕ್‌ಗೆ ಹೋಗುತ್ತಾನೆ, ಅಲ್ಲಿಯೂ ಇದೇ ಫಲ. ರಾಜ್ಯದ ಗಡಿ ದಾಟಬಾರದು ಎಂಬ ಕರಾರಿಗೆ ಸಹಿ ಹಾಕಿ ಊಟಿಗೆ ಹೋಗುವವರು ಇದನ್ನೂ ಓದಿಕೊಳ್ಳಬೇಕು.

ಆದರೆ ತಪ್ಪು ಲಾರಿಯದೆಂದು ಪೊಲೀಸ್ ದಾಖಲೆಯಲ್ಲಿದ್ದರೆ, ಕಾರಿನ ನಷ್ಟವನ್ನು ಲಾರಿಯ ಮಾಲೀಕ ಮತ್ತು ಅದರ ವಿಮಾ ಕಂಪನಿಯಿಂದ ವಸೂಲು ಮಾಡುವ ದಾರಿ ಬಾಡಿಗೆ ಕಂಪನಿಗಿದೆ. ಆ ದಾಖಲೆಯ ಪ್ರತಿಯನ್ನು ನೀವೇ ತಂದು ಅವರಿಗೆ ಕೊಡಿ, ನಿಮ್ಮಿಂದ ಕೇಳುವ ಮೊದಲು ಆ ದಾರಿ ಹಿಡಿಯುವಂತೆ ಬರೆಯಿರಿ. ಕಾರಿನ ಬ್ರೇಕು, ಟೈರು ಹೇಗಿದ್ದವು ಎಂದು ತಮ್ಮನನ್ನು ವಿಚಾರಿಸಿ. ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದ ಹಾನಿಯಾದರೆ, ಆ ದೋಷ ಕೊಟ್ಟವನಿಗೆ ಗೊತ್ತಿಲ್ಲದಿದ್ದರೂ ಹೊಣೆ ಅವನದೇ ಎನ್ನುತ್ತದೆ ಅದೇ ಕರಾರು ಕಾಯ್ದೆಯ 150ನೇ ಕಲಂ. ಟೈರು ಸವೆದಿತ್ತು ಎಂದಾದರೆ ಅದರ ಫೋಟೋ ಸಮೇತ ನನಗೆ ಮತ್ತೊಮ್ಮೆ ಬರೆಯಿರಿ.